ಬಲಗಡೆಯ ಹೆಗಲು

ದಿನೇಶನ ಫೋನಿನಲ್ಲಿದ್ದ ಹೆಂಗಸಿನ ಹೊದಿಕೆ ಎಡ ಹೆಗಲ ಮೇಲಿತ್ತು. ಮಾಧವ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಚಮಚದಿಂದ ಒಂದು ಕಡೆ ಗುಡ್ಡೆ ಮಾಡಿದ, ಮತ್ತೆ ಹರಡಿದ, ಮತ್ತೆ ಫೋನು ನೋಡಿದ. ಎಡ ಹೆಗಲೇ. ಒಂಬತ್ತು ವರ್ಷದಿಂದ ತನ್ನವಳೆಂದು ನಂಬಿಕೊಂಡಿದ್ದ ಹೆಂಗಸು, ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸಿನ ಈ ಅಡುಗೆಮನೆಯಲ್ಲಿ, ಬೆಳಗ್ಗೆ ಎಂಟೂವರೆಗೆ, ಒಗ್ಗರಣೆಯ ವಾಸನೆಯ ನಡುವೆ ಹೀಗೆ ಮಗ್ಗುಲು ಬದಲಿಸುತ್ತಾಳೆಂದು ಅವನು ಎಣಿಸಿರಲಿಲ್ಲ. ನಿನ್ನೆ ಪ್ಲಿಮತ್ತಿನಿಂದ ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದದ್ದು ಅವಳಿಗಾಗಿಯೇ. ರಾತ್ರಿ ಇಲ್ಲಿ ದಿನೇಶನ ಮನೆಯಲ್ಲಿ ತಂಗಿ, ಬೆಳಗ್ಗೆ ತಿಂಡಿ ತಿಂದು ಇಟಾಸ್ಕಾದ ಹೋಟೆಲಿನಲ್ಲಿ ನಡೆಯುವ ವಿಚಾರಗೋಷ್ಠಿಗೆ ಹೋಗಿ, ಹನ್ನೊಂದು ಗಂಟೆಗೆ ಅವಳ ಮೇಲೆ ಬರೆದ ಪ್ರಬಂಧ ಓದಬೇಕು. ಅಷ್ಟೇ ಇದ್ದದ್ದು ಕೆಲಸ.

"ನಿನ್ನ ಪೇಂಟಿಂಗ್ ಅದೇ ತಾನೆ?" ಎಂದ ದಿನೇಶ, ಉತ್ತರಕ್ಕೆ ಕಾಯದೆ. "ಸಮ್ಮರ್‌ನಲ್ಲಿ ಯೂರೋಪ್ ಟೂರ್ ಹೋದಾಗ ರೋಮ್‌ಗೆ ಒಂದೂವರೆ ದಿನ ಕೊಟ್ಟಿದ್ರು. ಯಾವುದೋ ಹಳೇ ಸಮಾಧಿ ಗುಹೆ, ಅರವತ್ತು ವರ್ಷ ಮುಚ್ಚಿದ್ರಂತೆ, ಈಗ ಕ್ಲೀನ್ ಮಾಡಿ ಓಪನ್ ಮಾಡಿದಾರೆ. ಇದು ಮಾಧವಂದಲ್ವಾ ಅಂತ ಇಂದೂನೇ ಕಂಡುಹಿಡಿದ್ಲು. ಫೋಟೋ ತೆಗೀಬಾರ್ದು ಅಂತ ಬೋರ್ಡ್ ಹಾಕಿದ್ರು. ಗೈಡ್ ಆ ಕಡೆ ತಿರುಗಿದಾಗ ಒಂದು ಸೆಲ್ಫಿ ಹೊಡೆದ್ವಿ. ನಿಂಗೆ ತೋರ್ಸೋಣ ಅಂತ ಇಟ್ಕೊಂಡಿದ್ದೆ."

ಮಾಧವ ರೋಮನ್ನು ನೋಡಿಲ್ಲ. ದಿನೇಶನಿಗೆ ಇದು ಗೊತ್ತು, ಅವನ ಹೆಂಡತಿ ಇಂದುವಿಗೆ ಗೊತ್ತು. ಇವತ್ತು ಪ್ರಬಂಧ ಕೇಳಲು ಕೂರುವ ಮೂವತ್ತು ಜನರಿಗೆ ಗೊತ್ತಿಲ್ಲ. ರೋಮಿನ ನೆಲದಡಿಯ ಸಮಾಧಿ ಗುಹೆಗಳಲ್ಲಿ ಮೊದಮೊದಲ ಕ್ರೈಸ್ತರು ಬರೆಸಿದ ಗೋಡೆಚಿತ್ರಗಳನ್ನು ನೋಡಿ, ಆ ಜನ ಏನು ಉಟ್ಟಿದ್ದರು, ಹೇಗೆ ಉಟ್ಟಿದ್ದರು ಎಂದು ಹೇಳುವುದು ಅವನ ವಿದ್ಯೆ. ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಇದನ್ನು ವಿವರಿಸಿದಾಗಲೆಲ್ಲ ಯಾರಾದರೊಬ್ಬ ಅಂಕಲ್ ಸಜ್ಜನಿಕೆಯಿಂದ ತಲೆಯಾಡಿಸಿ, ಅದರಲ್ಲಿ ಜಾಬ್ ಸಿಗುತ್ತಾ ಎಂದು ಕೇಳುತ್ತಾರೆ. ಸಿಕ್ಕಿಲ್ಲ. ಹೆಂಡತಿ ಲತಾಶ್ರೀ ಪ್ಲಿಮತ್ತಿನಲ್ಲಿ ಕಾರಿನ ಸೀಟು ಮಾಡುವವರಿಗೆ ಬಿಡಿಭಾಗ ಒದಗಿಸುವ ಕಂಪನಿಯಲ್ಲಿದ್ದಾಳೆ. ಅವಳ ವೀಸಾದ ಸೆರಗು ಹಿಡಿದು ಅವನು ಈ ದೇಶದಲ್ಲಿದ್ದಾನೆ. ಒಂದು ಕಾಲೇಜಿನಲ್ಲಿ ವಾರಕ್ಕೆರಡು ದಿನ ಪಾಠ ಮಾಡುತ್ತಾನೆ. ದೇಶ ಬಿಟ್ಟು ಹೋದರೆ ಮತ್ತೆ ಒಳಗೆ ಬರಲು ಪಾಸ್‌ಪೋರ್ಟಿಗೆ ಹೊಸ ಸ್ಟ್ಯಾಂಪ್ ಬೇಕು. ಪ್ರತಿ ವರ್ಷವೂ ಲಾಯರು, ಈಗ ಟ್ರಾವೆಲ್ ಮಾಡದಿದ್ದರೆ ಒಳ್ಳೆಯದು ಎನ್ನುತ್ತಾನೆ. ಹಾಗಾಗಿ ಅವನ ರೋಮ್ ಎಂದರೆ ಶಿಕಾಗೋದ ಒಂದು ಲೈಬ್ರರಿಯಲ್ಲಿರುವ, ಎರಡು ಕೈಯಲ್ಲಿ ಎತ್ತಬೇಕಾದ, ನೂರು ವರ್ಷ ಹಳೆಯ ಚಿತ್ರಸಂಪುಟ. ನೀರು ಮುಟ್ಟದೆ ಈಜು ಕಲಿಸುವ ಮೇಷ್ಟರು ತಾನು ಎಂದು ಅವನೇ ಕೆಲವು ಸಲ ನಗೆಯಾಡುವುದುಂಟು. ಬೇರೆಯವರು ಆಡಿದರೆ ಸಹಿಸುವುದಿಲ್ಲ.

ಆ ಸಂಪುಟದಲ್ಲಿ ಇವಳ ಹೊದಿಕೆ ಬಲ ಹೆಗಲ ಮೇಲಿತ್ತು, ಪ್ರಬಂಧ ನಿಂತಿದ್ದದ್ದೇ ಅದರ ಮೇಲೆ. ಸೆಲ್ಫಿ ಎಂಬ ಮಾತಿನಿಂದ ಅವನಿಗೆ ಹೋದ ಜೀವ ಬಂದಂತಾಯಿತು. ಸೆಲ್ಫಿಯಲ್ಲಿ ಕೆಲವು ಫೋನುಗಳು ಕನ್ನಡಿಯಂತೆ ಎಡಬಲ ಅದಲುಬದಲು ಮಾಡುತ್ತವೆ. ತಪ್ಪು ಫೋನಿನದಿರಬಹುದು. ಗೋಡೆಯ ಮುಂದೆ ನಿಂತು ನಗುತ್ತಿದ್ದ ಇಂದುವಿನ ಮುಖವನ್ನು ಬೆರಳಿನಿಂದ ಹಿಗ್ಗಿಸಿದ. ಮೂಗುಬೊಟ್ಟು ಅವನ ಎಡಗೈ ಕಡೆಗೆ ಹೊಳೆಯುತ್ತಿತ್ತು. ತಲೆಯೆತ್ತಿ ಒಲೆಯ ಹತ್ತಿರ ನಿಂತಿದ್ದ ನಿಜವಾದ ಇಂದುವನ್ನು ನೋಡಿದ. ಮೈಸೂರಿನವಳು, ಅಲ್ಲಿಯ ರೂಢಿಯಂತೆ ಬಲಗಡೆಗೆ ಚುಚ್ಚಿಸಿಕೊಂಡವಳು. ಎದುರಿಗೆ ನಿಂತರೆ ಅದು ಅವನ ಎಡಗೈ ಕಡೆಗೇ ಬರಬೇಕು. ಅವಳು ಸಿಂಕಿನತ್ತ ತಿರುಗಿದಳು, ಫ್ರಿಜ್ಜಿನತ್ತ ತಿರುಗಿದಳು. ಅವನು ಕುತ್ತಿಗೆ ಓರೆ ಮಾಡಿಕೊಂಡು ಬಿಡದೆ ನೋಡಿದ. ಎದುರಿಗೂ ಎಡಗೈ ಕಡೆಗೆ, ಫೋನಿನಲ್ಲೂ ಎಡಗೈ ಕಡೆಗೆ. ಫೋನು ಏನನ್ನೂ ತಿರುಗಿಸಿರಲಿಲ್ಲ.

"ಏನ್ ಮಾಧವ, ನನ್ನ ಮುಖಕ್ಕೆ ಹಿಟ್ಟೇನಾದ್ರೂ ಹತ್ತಿದ್ಯಾ?" ಎಂದಳು ಇಂದು.

"ಇಲ್ಲ ಇಲ್ಲ. ಉಪ್ಪಿಟ್ಟು ತುಂಬಾ ಚೆನ್ನಾಗಿದೆ."

"ನೀವು ತಿಂದೇ ಇಲ್ವಲ್ಲ."

ಇನ್ನೊಂದು ಗುರುತೂ ಇತ್ತು. ಆ ಹೆಂಗಸು ಎರಡೂ ಕೈ ಮೇಲೆತ್ತಿ ಪ್ರಾರ್ಥಿಸುತ್ತ ನೇರ ಎದುರಿಗೆ ನಿಂತಿದ್ದಾಳೆ. ಎಡಬಲ ಹೇಗೆ ತಿರುಗಿಸಿದರೂ ಭಂಗಿ ಒಂದೇ. ಆದರೆ ಆಮೇಲೆ ಸತ್ತ ಯಾರಿಗೋ ಜಾಗ ಮಾಡಲು ಗೋಡೆ ಕೊರೆದಾಗ ಅವಳ ಒಂದು ಅಂಗೈ ಹೋಗಿದೆ. ಸಂಪುಟದಲ್ಲಿ ಇಲ್ಲದಿರುವುದು ಬಲ ಅಂಗೈ. ದಿನೇಶನ ಫೋನಿನಲ್ಲಿ ಇಲ್ಲದಿರುವುದು ಎಡ ಅಂಗೈ. ಅಂದರೆ ನೂರು ವರ್ಷದ ಹಿಂದೆ ಮುದ್ರಣಾಲಯದಲ್ಲಿ ಯಾರೋ ಗಾಜಿನ ನೆಗೆಟಿವ್ ಅನ್ನು ಮಗುಚಿ ಇಟ್ಟಿದ್ದ. ಮನೆಯಲ್ಲಿ ಹೆಂಡತಿಗೆ ಹುಷಾರಿರಲಿಲ್ಲವೋ, ಊಟದ ಹೊತ್ತಾಗಿತ್ತೋ. ಹೊದಿಕೆ ಯಾವತ್ತೂ ಬಲ ಹೆಗಲ ಮೇಲೆ ಇರಲೇ ಇಲ್ಲ. ಮಾಧವ ಫೋಟೋವನ್ನು ವಾಟ್ಸ್ಯಾಪಿನಲ್ಲಿ ಕಳಿಸಿಕೊಂಡು, ಚಮಚ ಕೆಳಗಿಟ್ಟು, ಹೊರಡುತ್ತೇನೆ ಎಂದ. ದಿನೇಶ ಬಾಗಿಲವರೆಗೂ ಬಂದು ಭುಜ ತಟ್ಟಿದ. ಈ ದಿನೇಶನೇ ಮೊದಲು ಪ್ಲಿಮತ್ತಿನಲ್ಲಿ ಪಕ್ಕದ ಬಡಾವಣೆಯಲ್ಲಿದ್ದವನು. ಎರಡು ವರ್ಷದ ಹಿಂದೆ ಮಾಧವನ ಅಪ್ಪ ಅಲ್ಲೇ ತೀರಿಕೊಂಡಾಗ ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ಬಿಟ್ಟುಬಂದವನೂ ಇವನೇ. ಮಾಧವ ಹೋಗುವಂತಿರಲಿಲ್ಲವಲ್ಲ, ಸ್ಟ್ಯಾಂಪಿಂಗ್. ತನ್ನ ಅಪ್ಪನನ್ನು ಕಾವೇರಿಗೆ ಬಿಟ್ಟವನೂ ದಿನೇಶ, ತನ್ನ ಹೆಂಗಸನ್ನು ಹೋಗಿ ನೋಡಿಬಂದವನೂ ದಿನೇಶ. ಆ ಒಳ್ಳೆಯ ಮನುಷ್ಯನ ಮೇಲೆ ಮಾಧವನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು.

ಬೀದಿಯ ಎರಡೂ ಕಡೆ ಮೆಟ್ಟಿಲುಗಳ ಮೇಲೆ ಅಕ್ಟೋಬರಿನ ಕುಂಬಳಕಾಯಿಗಳನ್ನು ಇಟ್ಟಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕಳ್ಳ ಎಂದಿರಲಿಲ್ಲ. ಕಾರು ಹತ್ತಿ ಬೆಲ್ಟ್ ಎಳೆದುಕೊಳ್ಳುವಾಗ ಅದು ಎಡ ಹೆಗಲ ಮೇಲೆ ಬಂದು ಕೂತಿತು. ಮೂರು ದಾರಿಗಳಿದ್ದವು. ಒಂದು, ಮೈಗೆ ಹುಷಾರಿಲ್ಲ ಎಂದು ಹೇಳಿ ಹಾಗೇ ಪ್ಲಿಮತ್ತಿಗೆ ತಿರುಗಿಸುವುದು. ಎರಡು, ಆ ಚಿತ್ರವನ್ನು ಬಿಟ್ಟು ಉಳಿದದ್ದನ್ನು ಓದುವುದು; ಆದರೆ ಅದನ್ನು ಬಿಟ್ಟರೆ ಉಳಿಯುವುದು ಗಂಡನಿಲ್ಲದ ಮದುವೆ ಮನೆ. ಮೂರು, ಸುಮ್ಮನೆ ಓದಿಬಿಡುವುದು. ಯಾರಿಗೆ ಗೊತ್ತಾಗುತ್ತದೆ? ಗುಹೆ ಅರವತ್ತು ವರ್ಷ ಮುಚ್ಚಿತ್ತು, ಎಲ್ಲರೂ ನೋಡಿರುವುದು ಅದೇ ಸಂಪುಟ. ಈ ವಿದ್ಯೆಯಲ್ಲಿ ಹಿರಿಯರಾದ ಡಾಕ್ಟರ್ ವಾಂಡಾ ನೊವಾಕ್ ಕೂಡ ಅದನ್ನೇ ನೋಡಿ, ಅವನ ಪ್ರಬಂಧ ಓದಿ, ರೋಮನ್ ಹೊದಿಕೆಯ ಬಗ್ಗೆ ಇಷ್ಟು ವರ್ಷಗಳಲ್ಲಿ ನಾನು ಓದಿದ ಮೊದಲ ಹೊಸ ವಿಚಾರ ಇದು ಎಂದು ಅವನಿಗೆ ಮೇಲ್ ಬರೆದಿದ್ದರು. ಶಿಕಾಗೋ ಬಳಿಯ ಒಂದು ಸಣ್ಣ ಕಾಲೇಜಿನಲ್ಲಿ ಮೂರು ವರ್ಷದ ಒಂದು ಹುದ್ದೆ ಇದೆ. ಆಯ್ಕೆ ಸಮಿತಿಗೆ ಅವರೇ ಮುಖ್ಯಸ್ಥರು. ಇವತ್ತು ಅವರು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ, ಮುಂದಿನ ವಾರ ಸಮಿತಿಗೆ ಹೇಳುತ್ತಾರೆ. ಆ ಹುದ್ದೆ ಸಿಕ್ಕರೆ ವೀಸಾ ಅವನದೇ ಆಗುತ್ತದೆ. ನಲವತ್ತಾರು ವರ್ಷಕ್ಕೆ ಅವನಿಗೆ ಬೇಕಾಗಿದ್ದದ್ದು ಇಷ್ಟೇ, ತನ್ನ ಹೆಸರಿನ ಕೆಳಗೆ ಒಂದು ಸಾಲು.

ಓಹೇರ್‌ಗೆ ಇಳಿಯುವ ವಿಮಾನಗಳು ರಸ್ತೆಯ ಮೇಲೆ ತೀರ ಕೆಳಗೆ ಹಾದುಹೋಗುತ್ತಿದ್ದವು. ಗೋಡೆಯ ಮೇಲಿನ ಬಟ್ಟೆ ಓದುವುದು ಸುಲಭವಲ್ಲ. ನೆಲದಡಿ, ಎಣ್ಣೆದೀಪದ ಬೆಳಕಿನಲ್ಲಿ, ಹಸಿ ಗಾರೆ ಒಣಗುವುದರೊಳಗೆ ಕೆಲಸ ಮುಗಿಸಬೇಕಾದ ಬಡ ಚಿತ್ರಗಾರ ನಾಲ್ಕು ಗೆರೆ ಎಳೆದು ಹೋಗಿರುತ್ತಾನೆ. ಕೊರಳಿನಿಂದ ಪಾದದವರೆಗೆ ಇಳಿಯುವ ಎರಡು ಕೆಂಗಪ್ಪು ಪಟ್ಟಿ ಎಂದರೆ ಅಂಗಿ, ತೋಳು ಅಗಲವಾಗಿದ್ದರೆ ಆಮೇಲಿನ ಕಾಲ. ಅಲ್ಲಿಗೆ ಖಚಿತವಾದದ್ದು ಮುಗಿಯಿತು. ಉಳಿದ ಕಂದು ಗೆರೆ ಮಡಿಕೆಯೋ, ಹೊಲಿಗೆಯೋ, ನೆರಳೋ, ಸೋರಿದ ನೀರಿನ ಕಲೆಯೋ. ಅದನ್ನು ಹೇಳುವವನ ಮನಸ್ಸಿನಲ್ಲಿ ಏನಿದೆಯೋ ಅದೇ ಆಗುತ್ತದೆ. ಅಪ್ಪ ವೆಂಕಟರಾಮು ಮೈಸೂರಿನ ನೇಯ್ಗೆ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಟ್ಟೆ ಪರೀಕ್ಷೆ ಮಾಡಿದವರು. ಆರು ತಿಂಗಳಿಗೆಂದು ಬಂದವರು ಪ್ಲಿಮತ್ತಿನ ಊಟದ ಮೇಜಿನ ಮೇಲೆ ಮಗನ ಚಿತ್ರಗಳನ್ನು ಹರಡಿಕೊಂಡು, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. "ಗೆರೆ ಒಂದೇ ಕಡೆ ಮಸುಕಾಗಿದ್ರೆ ಮಡಿಕೆ ಕಣೋ. ಎರಡೂ ಕಡೆ ಒಂದೇ ಸಮ ಇದ್ರೆ ಹೊಲಿಗೆ." ಮಾಧವ ಅದನ್ನು ಬರೆದುಕೊಂಡಿದ್ದ. "ಊರೋರ ಬಟ್ಟೆಯೆಲ್ಲ ನೋಡ್ತೀಯ, ಒಂದು ಪಂಚೆ ನೆಟ್ಟಗೆ ಉಟ್ಕೊಳ್ಳೋಕೆ ಬರಲ್ಲ ನಿಂಗೆ" ಎಂದು ನಗುತ್ತಿದ್ದರು. ಈ ಹೆಂಗಸನ್ನೂ ನೋಡಿದ್ದರು. "ಇವಳೇನು ಎಡಚೀನಾ? ಬಲಗೈ ಮೇಲೆ ಇಷ್ಟು ಬಟ್ಟೆ ಹೇರ್ಕೊಂಡು ಕೆಲಸ ಹೇಗೆ ಮಾಡ್ತಾಳೆ?" ಅಂದಿದ್ದರು. ಅವನು ಕೇಳಿಯೂ ಕೇಳಿಸಿಕೊಂಡಿರಲಿಲ್ಲ. ಫೆಬ್ರವರಿಯಲ್ಲಿ ಅಪ್ಪ ನಿದ್ದೆಯಲ್ಲೇ ಹೋದರು. ಮೂರು ವಾರವಾದ ಮೇಲೆ ಸಂಪುಟದ ಆ ಪುಟದ ಪ್ರತಿಯನ್ನು ಸುಮ್ಮನೆ ತೆಗೆದಾಗ, ಏಳು ವರ್ಷ ದಿನಾ ನೋಡಿದ್ದ ಚಿತ್ರದಲ್ಲಿ ಮೊದಲ ಬಾರಿಗೆ ಬಲ ಹೆಗಲು ಕಂಡಿತು. ರೋಮನ್ನರು ಹೊದಿಕೆಯನ್ನು ಹಾಕುತ್ತಿದ್ದದ್ದು ಎಡ ಹೆಗಲ ಮೇಲೆ, ಇವಳದು ಬಲ. ಯಾಕೆಂದರೆ ಅವಳು ನಿಂತಿರುವುದು ಸತ್ತವರ ಮುಂದೆ. ನಮ್ಮಲ್ಲಿ ದೇವರ ಕಾರ್ಯಕ್ಕೆ ಜನಿವಾರ ಎಡ ಹೆಗಲ ಮೇಲೆ, ಪಿತೃಕಾರ್ಯಕ್ಕೆ ಬಲ ಹೆಗಲ ಮೇಲೆ. ಪುರೋಹಿತರು ಅಪಸವ್ಯ ಅಂದಾಗ ಬಲಕ್ಕೆ ಹೋಗಬೇಕು, ಸವ್ಯ ಅಂದಾಗ ಎಡಕ್ಕೆ ವಾಪಸು ಬರಬೇಕು. ಸತ್ತವರ ಎದುರು ಬಟ್ಟೆ ತಿರುಗುತ್ತದೆ, ಅಲ್ಲೂ ತಿರುಗುತ್ತಿತ್ತು. ಮೂವತ್ತು ಪುಟ ಆರು ದಿನದಲ್ಲಿ ಬರೆದುಬಿಟ್ಟಿದ್ದ. ಅಷ್ಟು ಸಲೀಸಾಗಿ ಬಂದಾಗಲೇ ಅನುಮಾನ ಪಡಬೇಕಾಗಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಪ್ಪ ಕಂಡದ್ದು ಒಬ್ಬ ಎಡಚಿಯನ್ನು, ಮಗ ಕಂಡದ್ದು ಒಂದು ಸಿದ್ಧಾಂತವನ್ನು; ಅಪ್ಪನೇ ನಿಜಕ್ಕೆ ಹತ್ತಿರವಿದ್ದರು. ಥಾರ್ನ್‌ಡೇಲ್ ಎಕ್ಸಿಟ್ ತಪ್ಪಿಹೋಯಿತು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ತಿರುಗಿ ಬರುವಾಗ ಫೋನು ಬಂತು.

"ಬ್ಲೇಜರ್ ಹಾಕ್ಕೊಂಡ್ಯಾ?" ಎಂದಳು ಲತಾಶ್ರೀ.

"ಹಾಕ್ಕೊಂಡೆ."

"ಯಾಕೆ ಒಂಥರಾ ಮಾತಾಡ್ತಿದೀಯ? ಟೆನ್ಷನ್ನಾ? ಒಳ್ಳೇ ಪೇಪರ್ ಅದು ಮಾಧವ. ಬಟ್ಟೆ ವಿಷಯ ಒಂದಕ್ಷರ ಗೊತ್ತಿಲ್ದೇ ಇರೋ ನಂಗೇ ಓದಿ ಅಳು ಬಂತು. ತನಿಷಾ, ಕಮ್, ಸೇ ಸಮ್‌ಥಿಂಗ್ ಟು ಡ್ಯಾಡಿ."

"ಗುಡ್ ಲಕ್, ಡ್ಯಾಡ್," ಎಂದಿತು ದೂರದಿಂದ ಹದಿನಾಲ್ಕರ ದನಿ. "ಡೋಂಟ್ ರೀಡ್ ಟೂ ಫಾಸ್ಟ್."

ಹೇಳಿಬಿಡಬೇಕು ಅನಿಸಿತು. ಹೇಳಿದ್ದರೆ ಅವಳು ಏನಾದರೂ ಒಂದು ದಾರಿ ತೋರಿಸುತ್ತಿದ್ದಳು, ಯಾವಾಗಲೂ ಹಾಗೆಯೇ. ಆದರೆ ಅವಳಿಗೆ ಅಳು ಬರಿಸಿದ್ದು ಆ ಪ್ರಬಂಧದ ಹದಿನೇಳನೆಯ ಅಡಿಟಿಪ್ಪಣಿ. ದಕ್ಷಿಣ ಭಾರತದಲ್ಲಿ ಈ ಪದ್ಧತಿ ಈಗಲೂ ಇದೆ. ಲೇಖಕನು ತನ್ನ ತಂದೆಯ ಅಂತ್ಯಕ್ರಿಯೆಯಲ್ಲಿ ಇದನ್ನು ಸ್ವತಃ ಆಚರಿಸಿದ್ದಾನೆ. ಸಿಗ್ನಲ್ ಬಂತು ಇಡ್ತೀನಿ ಎಂದು ಫೋನಿಟ್ಟ.

ಹೋಟೆಲಿನಲ್ಲಿ ಗೋಷ್ಠಿಗೆ ಕೊಟ್ಟಿದ್ದದ್ದು ಮಡಚುವ ಗೋಡೆಯಿಂದ ಎರಡು ಮಾಡಿದ ಕೋಣೆಯ ಅರ್ಧ. ಇನ್ನರ್ಧದಲ್ಲಿ ಯಾವುದೋ ಕಂಪನಿಯ ಸೇಲ್ಸ್ ತರಬೇತಿ ನಡೆಯುತ್ತಿತ್ತು. ಐದೈದು ನಿಮಿಷಕ್ಕೊಮ್ಮೆ ಆಚೆ ಕಡೆ ಚಪ್ಪಾಳೆ. ಡಾಕ್ಟರ್ ನೊವಾಕ್ ಎದ್ದು ಬಂದು ಎರಡೂ ಕೈಯಲ್ಲಿ ಅವನ ಕೈ ಹಿಡಿದರು. ಎಪ್ಪತ್ತು ದಾಟಿದ, ಸಣಕಲು ಮೈಯ, ದೊಡ್ಡ ಕಣ್ಣಿನ ಹೆಂಗಸು. ಏಸಿಯ ಚಳಿಗೆ ಬೂದು ಉಣ್ಣೆಯ ಉದ್ದನೆಯ ಸ್ಕಾರ್ಫ್ ಸುತ್ತಿಕೊಂಡಿದ್ದರು. ಆಗ ಹೇಳಬಹುದಿತ್ತು. ಇಬ್ಬರೇ ಇದ್ದರು, ಎರಡು ಮಾತು ಸಾಕಾಗಿತ್ತು. ಅವನು ಡ್ರೈವ್ ಚೆನ್ನಾಗಿತ್ತು ಎಂದ, ಟ್ರಾಫಿಕ್ ಇರಲಿಲ್ಲ ಎಂದ. ಆಮೇಲೆ ಹೆಸರು ಕರೆದರು, ದೀಪ ಸಣ್ಣದು ಮಾಡಿದರು, ಪರದೆಯ ಮೇಲೆ ಆ ಹೆಂಗಸು ಹೊದಿಕೆಯನ್ನು ಬಲ ಹೆಗಲ ಮೇಲೆ ಹಾಕಿಕೊಂಡು ಬಂದು ನಿಂತಳು, ಅವನು ಓದಲು ಶುರು ಮಾಡಿದ. ಚೆನ್ನಾಗಿಯೇ ಓದಿದ. ಇದೇ ಅವನಿಗೆ ಆಶ್ಚರ್ಯ. ಸುಳ್ಳೆಂದು ಗೊತ್ತಾದ ಮೇಲೆ ಪ್ರಬಂಧ ಇನ್ನೂ ಚೆಂದ ಕಾಣುತ್ತಿತ್ತು, ಪರರ ಮನೆಯ ಮಗುವಿನಂತೆ. ತಾನು ಬರೆದ ಒಂದು ವಾಕ್ಯಕ್ಕೆ ತಾನೇ ದನಿ ತಗ್ಗಿಸಿದ. ಜನ ಮುಂದೆ ಬಾಗಿ ಕೇಳುತ್ತಿದ್ದರು. ಮುಗಿದಾಗ ಎರಡೂ ಕೋಣೆಗಳಲ್ಲಿ ಚಪ್ಪಾಳೆ ಒಟ್ಟಿಗೆ ಬಿತ್ತು.

ಮೊದಲು ಕೈ ಎತ್ತಿದವರು ನೊವಾಕ್. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಆರಿಸಿ ಕೇಳಿದರು. "ನಾನು ಅವಳನ್ನು ಒಮ್ಮೆ ನೋಡಿದ್ದೇನೆ, ವಿದ್ಯಾರ್ಥಿನಿಯಾಗಿದ್ದಾಗ. ಮುಚ್ಚಿದ್ದ ಗುಹೆಯೊಳಗೆ ನಮ್ಮನ್ನು ಹತ್ತು ನಿಮಿಷ ಕರೆದೊಯ್ಯಲು ನಮ್ಮ ಮೇಷ್ಟರಿಗೆ ಅನುಮತಿ ಸಿಕ್ಕಿತ್ತು. ಒಂದೇ ಟಾರ್ಚು. ನನಗೆ ಕಣ್ಣು ಮಾತ್ರ ನೆನಪಿದೆ, ಹೆಗಲು ನೆನಪಿಲ್ಲ. ಆದ್ದರಿಂದ ನಿಮ್ಮ ಹದಿನೇಳನೆಯ ಟಿಪ್ಪಣಿ ನನಗೆ ಮುಖ್ಯ. ನಿಮ್ಮ ತಂದೆಗೆ ನೀವು ಇದನ್ನು ಮಾಡಿದಿರಿ ಎಂದು ಬರೆದಿದ್ದೀರಿ. ಒಂದು ಬಟ್ಟೆ ಒಂದು ಹೆಗಲಿನಿಂದ ಇನ್ನೊಂದಕ್ಕೆ ಹೋಗುವಾಗ ಮಡಿಕೆ ಎಲ್ಲಿ ಬೀಳುತ್ತದೆ, ನಾನು ನೋಡಬೇಕು. ತೋರಿಸುತ್ತೀರಾ?" ಎದ್ದು ಬಂದು ಸ್ಕಾರ್ಫನ್ನು ಬಿಚ್ಚಿ ಅವನ ಕೈಗೆ ಕೊಟ್ಟರು.

ಅವನು ಅದನ್ನು ಎಡ ಹೆಗಲ ಮೇಲೆ ಹಾಕಿಕೊಂಡ. ಅದು ಅವರ ಮೈಯ ಬಿಸುಪಿನಿಂದ ಇನ್ನೂ ಬೆಚ್ಚಗಿತ್ತು. ಎರಡೂ ಕೈಯಿಂದ ಎತ್ತಿ, ತಲೆಯ ಮೇಲಿಂದ ದಾಟಿಸಿ, ಬಲ ಹೆಗಲಿಗೆ ತಂದ. ಭಾರವಿತ್ತು. ಬಟ್ಟೆಗೆ ಭಾರವಿರುತ್ತದೆ, ಅದು ಒಂದು ಹೆಗಲನ್ನು ಬಿಟ್ಟಾಗ ಆ ಹೆಗಲಿಗೆ ತಿಳಿಯುತ್ತದೆ, ಇನ್ನೊಂದರ ಮೇಲೆ ಕೂತಾಗ ಇನ್ನೊಂದಕ್ಕೆ ತಿಳಿಯುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲ. ಅಪ್ಪ ಹೋದ ಆ ಫೆಬ್ರವರಿಯಲ್ಲಿ, ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಫ್ಯೂನರಲ್ ಹೋಮಿನ ಕಾರ್ಪೆಟ್ ಹಾಸಿದ ಕೋಣೆಯಲ್ಲಿ, ಮೂವತ್ತು ಕುರ್ಚಿಗಳಲ್ಲಿ ಪ್ಲಿಮತ್ತು, ಕ್ಯಾಂಟನ್ನುಗಳ ಕನ್ನಡದವರೆಲ್ಲ ಕೂತಿದ್ದಾಗ, ಪುರೋಹಿತರು ಕೋಟು ತೆಗೆಯಿರಿ ಎಂದರು, ತೆಗೆದ. ಅಪಸವ್ಯ ಮಾಡ್ಕೊಳ್ಳಿ ಎಂದರು. ಅವನ ಮೈಮೇಲೆ ಜನಿವಾರವೇ ಇರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಬಂದ ಹೊಸದರಲ್ಲಿ, ಒಂದು ಸಂಜೆ ಕತ್ತರಿಯಿಂದ ಕತ್ತರಿಸಿ ಕಸಕ್ಕೆ ಹಾಕಿದ್ದ. ಆಗ ಅದೊಂದು ಧೈರ್ಯದ ಕೆಲಸ ಅನಿಸಿತ್ತು. ಪುರೋಹಿತರ ಚೀಲದಲ್ಲಿ ಹೊಸದು ಇದ್ದೇ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಕೇಳಲು ನಾಚಿಕೆಯಾಯಿತು. ಶರ್ಟಿನ ಎರಡು ಗುಂಡಿ ಬಿಚ್ಚಿ, ಕೈ ಒಳಗೆ ಹಾಕಿ, ಏನೂ ಇಲ್ಲದ ಮುಷ್ಟಿಯನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ತಂದ. ಸವ್ಯ ಅಂದಾಗ ಮತ್ತೆ ಎಡಕ್ಕೆ. ನಾಲ್ಕು ಸಲ ಹಾಗೆ ಮಾಡಿದ. ನಾಲ್ಕನೆಯ ಸಲಕ್ಕೆ ಚೆನ್ನಾಗಿ ಅಭ್ಯಾಸವಾಗಿತ್ತು, ಎಳೆ ಕುತ್ತಿಗೆಗೆ ಸಿಕ್ಕಿಕೊಂಡವನಂತೆ ತಲೆಯನ್ನು ಸ್ವಲ್ಪ ಓರೆ ಕೂಡ ಮಾಡಿದ್ದ.

"ಹೀಗೆ ಮಾಡಿದಿರಿ ನಿಮ್ಮ ತಂದೆಗೆ," ಎಂದರು ನೊವಾಕ್. ಹಿಂದಿನಿಂದ ಯಾರೋ ಫೋಟೋ ತೆಗೆದರು.

"ಇಲ್ಲ," ಎಂದ ಮಾಧವ. "ಮಾಡಲಿಲ್ಲ. ನನ್ನ ಹತ್ತಿರ ದಾರ ಇರಲಿಲ್ಲ. ಇದ್ದವನ ಹಾಗೆ ನಟಿಸಿದೆ. ಟಿಪ್ಪಣಿ ಸುಳ್ಳು." ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿತು. "ಚಿತ್ರವೂ ತಪ್ಪು. ಸಂಪುಟದಲ್ಲಿ ಎಡಬಲ ತಿರುಗಿಸಿ ಮುದ್ರಿಸಿದ್ದಾರೆ. ಅವಳ ಹೊದಿಕೆ ಎಲ್ಲರ ಹಾಗೆ ಎಡ ಹೆಗಲ ಮೇಲೇ ಇದೆ. ಹೊಸ ಫೋಟೋ ನನ್ನ ಫೋನಿನಲ್ಲಿದೆ. ನನ್ನ ವಾದ ಏನೂ ಉಳಿಯುವುದಿಲ್ಲ."

ಆಚೆ ಕೋಣೆಯಲ್ಲಿ ಯಾರೋ ತಮಾಷೆ ಹೇಳಿದರು, ಜನ ನಕ್ಕರು. ಈ ಕೋಣೆಯಲ್ಲಿ ನೋಟ್ ಬರೆಯುತ್ತಿದ್ದ ಒಬ್ಬ ವಿದ್ಯಾರ್ಥಿನಿ ಪೆನ್ನು ಎತ್ತಿ, ಇದನ್ನೂ ಬರೆದುಕೊಳ್ಳಬೇಕೇ ಎಂಬಂತೆ ಅಕ್ಕಪಕ್ಕ ನೋಡಿದಳು.

"ನಿಮಗೆ ಯಾವಾಗ ಗೊತ್ತಾಯಿತು?" ಎಂದರು ನೊವಾಕ್.

"ಇವತ್ತು ಬೆಳಗ್ಗೆ ಎಂಟೂವರೆಗೆ."

"ಆದರೂ ಓದಿದಿರಿ."

"ಓದಿದೆ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಸಮಿತಿಗೆ ನಾನು ಏನು ಹೇಳಲಿ?" ಎಂದು ಮೆಲ್ಲಗೆ, ಅವನಿಗೊಬ್ಬನಿಗೇ ಕೇಳುವಂತೆ ಕೇಳಿದರು. "ಆದದ್ದನ್ನೇ ಹೇಳಿ," ಎಂದ. ಅವರು ಕೈ ಚಾಚಿದರು. ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು, ಆಮೇಲೆ ಸ್ಕಾರ್ಫ್ ತೆಗೆದು ಕೊಟ್ಟ. ಅವರು ಅದನ್ನು ಮತ್ತೆ ಸುತ್ತಿಕೊಳ್ಳಲಿಲ್ಲ. ನೀಟಾಗಿ ಮಡಿಸಿ ಕೈಚೀಲದಲ್ಲಿಟ್ಟರು. ಅಧ್ಯಕ್ಷತೆ ವಹಿಸಿದ್ದವರು ಗಡಿಯಾರ ನೋಡಿ, ಕಾಫಿ ಹೊರಗಿದೆ ಎಂದು ಪ್ರಕಟಿಸಿದರು. ಜನ ಅವನ ಪಕ್ಕದಿಂದ ಹಾದುಹೋಗುವಾಗ ಮೈಲಿಗೆಯವನಿಂದೇನೋ ಎಂಬಂತೆ ಅರ್ಧ ಹೆಜ್ಜೆ ದೂರ ಸರಿದು ಹೋದರು, ಅಥವಾ ಅವನಿಗೆ ಹಾಗೆ ಕಂಡಿತು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಬಿಸಿಲಿತ್ತು, ಗಾಳಿಯಿತ್ತು. ಕಾರಿಗೆ ಒರಗಿ ನಿಂತು ಮನೆಗೆ ಫೋನ್ ಮಾಡಿದ.

"ಹೇಗಾಯ್ತು?" ಎಂದಳು ಲತಾಶ್ರೀ.

"ಆ ಚಿತ್ರ ಎಡಬಲ ತಿರುಗಿ ಪ್ರಿಂಟಾಗಿತ್ತು ಲತಾ. ನನ್ನ ಪೇಪರ್ರೇ ತಪ್ಪು. ಎಲ್ಲರ ಮುಂದೆ ಹೇಳ್ಬಿಟ್ಟೆ. ಆ ಕೆಲಸ ಸಿಗಲ್ಲ."

ಅತ್ತ ಕಡೆ ಡಿಶ್‌ವಾಶರ್ ಸದ್ದು ಕೇಳುತ್ತಿತ್ತು. ಅವಳು ಎಲ್ಲೋ ಕೂತುಕೊಂಡಳು. "ಸರಿ ಬಿಡು," ಎಂದಳು. "ಇನ್ನೊಂದು ಕಡೆ ಅಪ್ಲೈ ಮಾಡಿದ್ರಾಯ್ತು."

"ಇನ್ನೊಂದು ವಿಷಯಾನೂ ಹೇಳ್ದೆ. ನಿಂಗೂ ಹೇಳಿಲ್ಲ ಅದನ್ನ. ಅಪ್ಪನ ಕಾರ್ಯದ ದಿನ ನನ್ನ ಮೈಮೇಲೆ ಜನಿವಾರ ಇರ್ಲಿಲ್ಲ. ಸುಮ್ನೆ ಕೈ ಆಡಿಸ್ದೆ."

"ಗೊತ್ತು."

"ಏನು ಗೊತ್ತು?"

"ಇರ್ಲಿಲ್ಲ ಅಂತ. ಕೋಟು ತೆಗೆದಿದ್ದೆ, ಒಳಗಡೆ ತೆಳ್ಳನೆ ಬಿಳೀ ಶರ್ಟು. ಜನಿವಾರ ಇದ್ರೆ ಬೆನ್ನ ಮೇಲೆ ಗೆರೆ ಕಾಣುತ್ತಲ್ವಾ ಮಾಧವ. ಅದು ಇಲ್ದೇ ಇದ್ದದ್ದು ಹಿಂದೆ ಕೂತಿದ್ದೋರಿಗೆಲ್ಲ ಕಾಣ್ತಿತ್ತು. ದಿನೇಶ್ ಹೊಸದೊಂದು ಕೊಡೋಣ ಅಂತ ಎದ್ರು, ಪುರೋಹಿತರೇ ಕಣ್ಣಲ್ಲಿ ಬೇಡ ಅಂದ್ರು. ಆಮೇಲೆ ನಂಗೆ ಹೇಳಿದ್ರು, ಅವರನ್ನ ಕೇಳೋಕೆ ಹೋಗ್ಬೇಡಿ, ಮಗನ ಕೈ ನಡುಗ್ತಾ ಇತ್ತು, ಅದು ಸಾಕು ಅಂತ."

ಮೂವತ್ತು ಜನ. ಕಾರ್ಯ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಅವನ ಕೈ ಹಿಡಿದು, ಶ್ರದ್ಧೆಯಿಂದ ಮಾಡಿದ್ರಿ ಎಂದು ಹೇಳಿ ಹೋಗಿದ್ದರು. ಬಟ್ಟೆ ಓದುವುದನ್ನು ಅವರು ಯಾರೂ ಯಾವ ಲೈಬ್ರರಿಯಲ್ಲೂ ಕಲಿತಿರಲಿಲ್ಲ. ಕೇಳಬಾರದೆಂದುಕೊಂಡೇ ಕೇಳಿದ.

"ಅಪ್ಪಂಗೆ?"

"ಬಂದ ಎರಡನೇ ದಿನಾನೇ ಗೊತ್ತಾಯ್ತಂತೆ. ನೀನು ಕ್ಲಾಸಿಗೆ ಹೋಗಿದ್ದೆ. ಕಾಫಿ ಕುಡೀತಾ ಹೇಳಿದ್ರು. ಅವನ ಮೈಮೇಲೆ ಜನಿವಾರ ಇಲ್ಲಮ್ಮ, ನಂಗೆ ಗೊತ್ತಾಗಿದೆ ಅಂತ ಅವನಿಗೆ ಹೇಳ್ಬೇಡ, ಪಾಪ, ನಾಚ್ಕೋತಾನೆ ಅಂತ."

ಅವನು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತ. ಅಪ್ಪ ಮನೆಯಲ್ಲಿದ್ದ ಆ ನಾಲ್ಕು ತಿಂಗಳೂ ಬೆಳಗ್ಗೆ ಸ್ನಾನ ಮುಗಿಸಿ, ಎರಡೂ ಹೆಗಲು ಮುಚ್ಚುವಂತೆ ಟವೆಲ್ ಹೊದ್ದುಕೊಂಡು ಅವನು ಹೊರಗೆ ಬರುವಾಗ ಅವರು ಹಾಲ್‌ನಲ್ಲಿ ಕೂತಿರುತ್ತಿದ್ದರು. ಬಾಗಿಲ ಸದ್ದಾದ ತಕ್ಷಣ ಕುರ್ಚಿಯಿಂದ ಎದ್ದು, ಅವನಿಗೆ ಬೆನ್ನು ಮಾಡಿ, ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ನನ್ನ ಮುಖ ನೋಡುವುದೂ ಇವರಿಗೆ ಬೇಡ ಎಂದು ಅವನು ದಿನಾ ನೊಂದುಕೊಳ್ಳುತ್ತಿದ್ದ. "ಇವತ್ತೂ ಸ್ನೋ ಬೀಳೋ ಹಾಗಿದೆ ಕಣೋ" ಎನ್ನುತ್ತ, ಅವನು ರೂಮಿಗೆ ಹೋಗಿ ಅಂಗಿ ಹಾಕಿಕೊಂಡು ಬರುವವರೆಗೂ ಅವರು ಈ ಕಡೆ ತಿರುಗುತ್ತಿರಲಿಲ್ಲ.